ಭೂಮಿ ಒಂದಿಂಚು ಸರಿದರೆ?

"ಭೂಮಿಯು ಸೂರ್ಯನಿಗೆ ಒಂದಿಂಚು ಹತ್ತಿರ ಬಂದರೆ ನಾವೆಲ್ಲ ಸುಟ್ಟು ಬೂದಿಯಾಗುವೆವು, ಒಂದಿಂಚು ದೂರ ಹೋದರೆ ಹೆಪ್ಪುಗಟ್ಟಿ ಸಾಯುವೆವು." ಈ ಮಾತನ್ನು ನೀವೂ ಕೇಳಿರಬಹುದು. ಉಪನ್ಯಾಸಗಳಲ್ಲಿ, ಮದುವೆ ಮನೆಯ ಮಾತುಕತೆಯಲ್ಲಿ, ಕೆಲವೊಮ್ಮೆ ಮಿಂಬರಿನ ಮೇಲಿನಿಂದಲೂ ಇದು ಕೇಳಿಬರುತ್ತದೆ. ಹೇಳುವವರ ಉದ್ದೇಶ ಒಳ್ಳೆಯದು. ಸೃಷ್ಟಿಯಲ್ಲಿ ಒಂದು ಅಳತೆಯಿದೆ, ಅದು ಕುರುಡು ಕುಣಿತವಲ್ಲ ಎಂದು ತೋರಿಸುವುದು ಅವರ ಆಸೆ. ಆದರೆ ಮಾತು ಸುಳ್ಳು. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ. ಜನವರಿಯ ಆರಂಭದಲ್ಲಿ ಅದು ಸೂರ್ಯನಿಂದ ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರ್ ದೂರದಲ್ಲಿದ್ದರೆ, ಜುಲೈಯಲ್ಲಿ ಸುಮಾರು 15 ಕೋಟಿ 21 ಲಕ್ಷ ಕಿಲೋಮೀಟರ್ ದೂರದಲ್ಲಿರುತ್ತದೆ. ಅಂದರೆ ಪ್ರತಿ ವರ್ಷವೂ ನಾವು 50 ಲಕ್ಷ ಕಿಲೋಮೀಟರ್ ಹತ್ತಿರ ಬಂದು, ಮತ್ತೆ ಅಷ್ಟೇ ದೂರ ಹೋಗುತ್ತೇವೆ. ಯಾರೂ ಸುಡುವುದಿಲ್ಲ, ಯಾರೂ ಹೆಪ್ಪುಗಟ್ಟುವುದಿಲ್ಲ.

ಇದೇನು ದೊಡ್ಡ ವಿಷಯ, ಮಾತಿನ ಹುರುಪಿನಲ್ಲಿ ಹೇಳಿದ್ದು ಎಂದು ನೀವು ಕೇಳಬಹುದು. ಯೋಚಿಸಿ ನೋಡಿ. ಒಂಬತ್ತನೇ ತರಗತಿಯ ಹುಡುಗನೊಬ್ಬ ಈ ಮಾತನ್ನು ದೀನ್‌ನ ಪಾಠವೆಂದು ನಂಬಿ ಮನಸ್ಸಿನಲ್ಲಿಟ್ಟುಕೊಳ್ಳುತ್ತಾನೆ. ಎರಡು ವರ್ಷದ ಬಳಿಕ ಭೌತಶಾಸ್ತ್ರದ ಪುಸ್ತಕ ತೆರೆದಾಗ ಮೇಲಿನ ಅಂಕಿಗಳು ಅವನ ಕಣ್ಣಿಗೆ ಬೀಳುತ್ತವೆ. ಆಗ ಅವನು ಸಂಶಯಿಸುವುದು ಆ ಒಂದು ವಾಕ್ಯವನ್ನು ಮಾತ್ರವೇ? ಅದನ್ನು ಹೇಳಿದವರ ಉಳಿದ ಮಾತುಗಳನ್ನೂ ಅವನು ಅದೇ ತಕ್ಕಡಿಯಲ್ಲಿಟ್ಟು ತೂಗುವುದಿಲ್ಲವೇ? ಸತ್ಯವನ್ನು ಬೆಂಬಲಿಸಲು ಅಸತ್ಯದ ಊರುಗೋಲು ಕೊಡಬಹುದೇ ಎಂಬ ಪ್ರಶ್ನೆ ನಮ್ಮಲ್ಲಿ ಹೊಸದಲ್ಲ. ಜನರನ್ನು ಸತ್ಕರ್ಮಗಳ ಕಡೆಗೆ ಸೆಳೆಯಬೇಕೆಂಬ ಸದುದ್ದೇಶದಿಂದಲೇ ಹದೀಸ್‌ಗಳನ್ನು ಕಟ್ಟಿದವರಿದ್ದರು. ಹದೀಸ್ ವಿದ್ವಾಂಸರು ಅವರ ಉದ್ದೇಶವನ್ನು ನೋಡಿ ರಿಯಾಯಿತಿ ತೋರಿಸಲಿಲ್ಲ. ಅವರನ್ನು ಸುಳ್ಳುಗಾರರ ಪಟ್ಟಿಗೆ ಸೇರಿಸಿ, ಅವರ ವರದಿಗಳನ್ನು ತಳ್ಳಿಹಾಕಿದರು. ಪ್ರಕೃತಿಯ ಬಗ್ಗೆ ಮಾತನಾಡುವಾಗ ಮಾತ್ರ ನಮಗೆ ಆ ಕಟ್ಟುನಿಟ್ಟು ಬೇಡವೇ?

ಹಾಗಾದರೆ ಭೂಮಿಯ ಸ್ಥಾನದಲ್ಲಿ ಅಳತೆಯೇ ಇಲ್ಲವೇ? ಇದೆ. ಆದರೆ ಅದು ಇಂಚುಪಟ್ಟಿಯ ಅಳತೆಯಲ್ಲ. ಅದನ್ನು ತಿಳಿಯಲು ನಮ್ಮ ಕರಾವಳಿಯವರೆಲ್ಲ ದಿನವೂ ಕಾಣುವ ಸಮುದ್ರದ ಉಬ್ಬರವಿಳಿತದಿಂದಲೇ ಆರಂಭಿಸಬಹುದು.

ಚಂದ್ರನಿಗೂ ಉಬ್ಬರಕ್ಕೂ ಇರುವ ನಂಟನ್ನು ಒಂಬತ್ತನೇ ಶತಮಾನದಲ್ಲೇ ಅಬೂ ಮಅ್‌ಶರ್ ಅಲ್ ಬಲ್ಖಿ ವಿವರವಾಗಿ ಬರೆದರು. ಆ ಗ್ರಂಥ ಹನ್ನೆರಡನೇ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದಗೊಂಡು ಯುರೋಪಿಗೆ ಈ ವಿಷಯವನ್ನು ಕಲಿಸಿತು. ಅಲ್ ಬೀರೂನಿಯು ಭಾರತದ ಬಗೆಗಿನ ತನ್ನ ಗ್ರಂಥದಲ್ಲಿ ಸೋಮನಾಥದ ತೀರದ ಉಬ್ಬರವಿಳಿತವನ್ನು ಚರ್ಚಿಸಿದ್ದಾನೆ. ಕಾರಣವನ್ನು ಗಣಿತದಿಂದ ಬಿಡಿಸಿದ್ದು ನ್ಯೂಟನ್. ಚಂದ್ರನು ಭೂಮಿಯ ಹತ್ತಿರದ ಬದಿಯನ್ನು ಹೆಚ್ಚಾಗಿಯೂ, ಆಚೆಯ ಬದಿಯನ್ನು ಕಡಿಮೆಯಾಗಿಯೂ ಎಳೆಯುತ್ತಾನೆ. ಎಳೆತದಲ್ಲಿರುವ ಈ ವ್ಯತ್ಯಾಸವೇ ಉಬ್ಬರದ ಬಲ. ದೂರ ಕಡಿಮೆಯಾದಂತೆ ಈ ಬಲ ಬಹಳ ಬೇಗ ಏರುತ್ತದೆ; ದೂರ ಅರ್ಧವಾದರೆ ಬಲ ಎಂಟು ಪಟ್ಟು. ಆದ್ದರಿಂದಲೇ ಸೂರ್ಯನು ಚಂದ್ರನಿಗಿಂತ ಎರಡೂವರೆ ಕೋಟಿ ಪಟ್ಟಿಗೂ ಮಿಕ್ಕಿ ಭಾರವಿದ್ದರೂ, ನಮ್ಮ ಸಮುದ್ರದ ಮೇಲೆ ಚಂದ್ರನ ಪ್ರಭಾವವೇ ಅವನ ಎರಡು ಪಟ್ಟಿಗಿಂತ ಹೆಚ್ಚು.

ಈ ಬಲ ನೀರನ್ನು ಮಾತ್ರ ಎಬ್ಬಿಸುವುದಲ್ಲ, ತಿರುಗುವ ಗೋಲಕ್ಕೆ ಬ್ರೇಕ್ ಕೂಡ ಹಾಕುತ್ತದೆ. ಚಂದ್ರನು ನಮಗೆ ಸದಾ ಒಂದೇ ಮುಖ ತೋರಿಸುವುದು ಭೂಮಿ ಹಾಕಿದ ಬ್ರೇಕಿನಿಂದ. ಪ್ರತಿಯಾಗಿ ಭೂಮಿಯ ತಿರುಗುವಿಕೆಯೂ ನಿಧಾನವಾಗುತ್ತಿದೆ. ನಮ್ಮ ದಿನವು ಶತಮಾನಕ್ಕೆ ಸುಮಾರು ಎರಡು ಮಿಲಿಸೆಕೆಂಡಿನಷ್ಟು ಉದ್ದವಾಗುತ್ತಿದೆ, ಚಂದ್ರನು ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. 1969ರಲ್ಲಿ ಅಪೊಲೊ 11ರ ಯಾತ್ರಿಕರು ಅಲ್ಲಿ ಇಟ್ಟುಬಂದ ಪ್ರತಿಫಲಕಕ್ಕೆ ಲೇಸರ್ ಕಿರಣ ಬಿಟ್ಟು ಇದನ್ನು ಅಳೆಯುತ್ತಾರೆ. ಇಂಚಿನ ಮಾತು ಆಡುವವರಿಗೆ ಇದೋ ನಿಜವಾದ ಇಂಚು: ಚಂದ್ರನು ವರ್ಷಕ್ಕೆ ಒಂದೂವರೆ ಇಂಚು ಸರಿಯುತ್ತಲೇ ಇದ್ದಾನೆ!

ಈಗ ದೂರದ ಲೋಕಗಳಿಗೆ ಬನ್ನಿ. ಸೂರ್ಯನಂತಹ ಇನ್ನೊಂದು ನಕ್ಷತ್ರವನ್ನು ಸುತ್ತುವ ಗ್ರಹವೊಂದನ್ನು 1995ರಲ್ಲಿ ಮೇಯರ್ ಮತ್ತು ಕೆಲೋ ಎಂಬ ಸ್ವಿಸ್ ವಿಜ್ಞಾನಿಗಳು ಮೊದಲು ಕಂಡುಹಿಡಿದರು. ಅದರ 'ವರ್ಷ' ಕೇವಲ 4.2 ದಿನ. ಅಂದಿನಿಂದ ಇಂಥ 6,000ಕ್ಕೂ ಹೆಚ್ಚು ಹೊರಗ್ರಹಗಳು ದೃಢಪಟ್ಟಿವೆ. ಅವುಗಳಲ್ಲಿ ವಾಸ್ಪ್-12ಬಿ ಎಂಬುದು ತನ್ನ ನಕ್ಷತ್ರವನ್ನು ಸುಮಾರು 26 ಗಂಟೆಗಳಲ್ಲಿ ಸುತ್ತುತ್ತದೆ. ಉಬ್ಬರದ ಬಲವು ಅದರ ಕಕ್ಷೆಯನ್ನೇ ಕಿರಿದುಗೊಳಿಸುತ್ತಿದ್ದು, ಸುತ್ತುವ ಅವಧಿ ವರ್ಷಕ್ಕೆ 29 ಮಿಲಿಸೆಕೆಂಡ್ ಕಡಿಮೆಯಾಗುತ್ತಿದೆ. ಸುಮಾರು 30 ಲಕ್ಷ ವರ್ಷಗಳಲ್ಲಿ ಅದು ನಕ್ಷತ್ರದೊಳಗೆ ಬಿದ್ದು ಇಲ್ಲವಾಗುವುದೆಂದು 2020ರಲ್ಲಿ ಲೆಕ್ಕಹಾಕಲಾಗಿದೆ.

ನಮ್ಮ ಆಕಾಶಗಂಗೆಯ ಸುಮಾರು ಮುಕ್ಕಾಲು ಪಾಲು ನಕ್ಷತ್ರಗಳು ಕೆಂಪು ಕುಬ್ಜಗಳು. ಅವು ಮಂದ ಕೆಂಡಗಳಿದ್ದಂತೆ. ಚಳಿ ಕಾಯಿಸಿಕೊಳ್ಳಬೇಕಾದರೆ ಬಹಳ ಹತ್ತಿರ ಕೂರಬೇಕು. ನಮಗೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾವನ್ನು ಸುತ್ತುವ ಗ್ರಹವೊಂದು 2016ರಲ್ಲಿ ಪತ್ತೆಯಾಯಿತು. ನೀರು ನೀರಾಗಿಯೇ ಉಳಿಯಬಹುದಾದ ಬೆಚ್ಚನೆಯ ವಲಯದಲ್ಲಿ ಅದಿದೆ. ಆದರೆ ನಕ್ಷತ್ರದಿಂದ ಅದರ ದೂರ ಸುಮಾರು 73 ಲಕ್ಷ ಕಿಲೋಮೀಟರ್ ಮಾತ್ರ, ನಮ್ಮ ದೂರದ ಇಪ್ಪತ್ತನೇ ಒಂದು ಭಾಗ. ಆ ನಕ್ಷತ್ರದ ಭಾರ ನಮ್ಮ ಸೂರ್ಯನ ಎಂಟನೇ ಒಂದರಷ್ಟೇ ಆದರೂ, ಗುಣಿಸಿ ನೋಡಿದರೆ ಅಲ್ಲಿನ ಉಬ್ಬರದ ಬಲ ಭೂಮಿಯ ಮೇಲೆ ಸೂರ್ಯನು ಹಾಕುವುದರ ಸಾವಿರ ಪಟ್ಟು. ಇಂಥ ಗ್ರಹಗಳು ನಮ್ಮ ಚಂದ್ರನಂತೆ ನಕ್ಷತ್ರಕ್ಕೆ ಒಂದೇ ಮುಖ ತೋರಿಸಿ ನಿಲ್ಲುವುದು ಸಹಜ. ಒಂದು ಬದಿಗೆ ಎಂದೂ ಮುಗಿಯದ ಹಗಲು, ಇನ್ನೊಂದು ಬದಿಗೆ ಎಂದೂ ಬೆಳಗಾಗದ ಇರುಳು.

ಇಂಥ ಲೋಕದಲ್ಲಿ ಜೀವ ಅಸಾಧ್ಯವೆಂದು ಬಹುಕಾಲ ನಂಬಲಾಗಿತ್ತು. ಇರುಳಿನ ಬದಿಯಲ್ಲಿ ಗಾಳಿಯೇ ಹೆಪ್ಪುಗಟ್ಟಿ ಉದುರುವುದೆಂದು ವಾದ. ಆದರೆ 1997ರಲ್ಲಿ ಜೋಶಿ ಮತ್ತು ಸಂಗಡಿಗರು ಲೆಕ್ಕಹಾಕಿ, ನಮ್ಮ ವಾತಾವರಣದ ಒತ್ತಡದ ಹತ್ತನೇ ಒಂದರಷ್ಟು ಇಂಗಾಲದ ಡೈಆಕ್ಸೈಡ್ ಇದ್ದರೂ ಗಾಳಿಯೇ ಬಿಸಿಯನ್ನು ಆ ಬದಿಗೆ ಹೊತ್ತೊಯ್ದು ಅದನ್ನು ತಡೆಯಬಲ್ಲದೆಂದು ತೋರಿಸಿದರು. 2013ರ ಇನ್ನೊಂದು ಲೆಕ್ಕದ ಪ್ರಕಾರ ಹಗಲಿನ ಬದಿಯಲ್ಲಿ ಏಳುವ ದಟ್ಟ ಮೋಡಗಳು ಕೊಡೆಯಂತೆ ನೆರಳು ಕೊಡಬಲ್ಲವು. ಹಾಗೆಂದು ಸಂಭ್ರಮಿಸಲೂ ಆಗದು. ಕೆಂಪು ಕುಬ್ಜಗಳ ಉರಿಸ್ಫೋಟಗಳು ವಾತಾವರಣವನ್ನೇ ಕಿತ್ತೊಗೆಯಬಹುದು. ಟ್ರಾಪಿಸ್ಟ್-1 ಎಂಬ ನಕ್ಷತ್ರದ ಏಳು ಗ್ರಹಗಳಲ್ಲಿ ಅತಿ ಒಳಗಿನದನ್ನು ಜೇಮ್ಸ್ ವೆಬ್ ದೂರದರ್ಶಕವು ಪರೀಕ್ಷಿಸಿದಾಗ, ಅಲ್ಲಿ ದಟ್ಟ ವಾತಾವರಣದ ಸುಳಿವು ಸಿಗಲಿಲ್ಲವೆಂದು 2023ರಲ್ಲಿ ವರದಿಯಾಯಿತು.

ಇದೇ ಬಲ ಬಿಸಿಯನ್ನೂ ಹುಟ್ಟಿಸುತ್ತದೆ. ಕಕ್ಷೆ ಅಂಡಾಕಾರವಾಗಿದ್ದರೆ ಎಳೆತ ಒಮ್ಮೆ ಹೆಚ್ಚಿ ಒಮ್ಮೆ ತಗ್ಗಿ, ಗೋಲದ ಒಡಲು ಹಿಟ್ಟು ನಾದಿದಂತೆ ನಾದಿಸಿಕೊಳ್ಳುತ್ತದೆ. ಗುರುಗ್ರಹದ ಉಪಗ್ರಹ ಅಯೋ ಹೀಗೆ ಕರಗಿರಬೇಕೆಂದು ಪೀಲ್, ಕ್ಯಾಸನ್, ರೆನಾಲ್ಡ್ಸ್ ಎಂಬ ಮೂವರು 1979ರ ಮಾರ್ಚ್‌ನಲ್ಲಿ ಬರೆದರು. ಕೆಲವೇ ದಿನಗಳಲ್ಲಿ ವಾಯೇಜರ್ 1 ಅಲ್ಲಿನ ಜ್ವಾಲಾಮುಖಿಗಳ ಚಿತ್ರ ಕಳುಹಿಸಿತು. ಪಕ್ಕದ ಯುರೋಪಾದಲ್ಲಿ ಅದೇ ಬಿಸಿ ಸೌಮ್ಯವಾಗಿ, ಮಂಜುಗಡ್ಡೆಯ ಅಡಿಯಲ್ಲಿ ಸಾಗರವೊಂದನ್ನು ಹೆಪ್ಪುಗಟ್ಟದಂತೆ ಉಳಿಸಿದೆ ಎಂದು ಬಲವಾಗಿ ನಂಬಲಾಗಿದೆ. ಅದನ್ನು ಪರೀಕ್ಷಿಸಲು 2024ರ ಅಕ್ಟೋಬರ್‌ನಲ್ಲಿ ನೌಕೆಯೊಂದು ಹೊರಟಿದೆ. ಒಂದೇ ಕಾರಣ ಒಂದೆಡೆ ಬೆಂಕಿ ಉಗುಳಿಸುತ್ತದೆ, ಇನ್ನೊಂದೆಡೆ ನೀರನ್ನು ಕಾಯುತ್ತದೆ.

ಪ್ರಿಯ ಓದುಗರೇ, ಇಷ್ಟನ್ನೂ ತಿಳಿದ ಬಳಿಕ 'ಅಳತೆ' ಎಂಬ ಮಾತು ನಿಮಗೆ ಹೇಗೆ ಕೇಳಿಸುತ್ತದೆ? ಕತ್ತಿಯಂಚಿನ ಒಂದು ಬಿಂದುವಿನ ಮೇಲೆ ಭೂಮಿಯನ್ನು ನಿಲ್ಲಿಸಿಟ್ಟಂತೆ ಅಲ್ಲ. ದೂರ, ಭಾರ, ಕಕ್ಷೆಯ ಆಕಾರ, ಗಾಳಿಯ ದಪ್ಪ, ನಕ್ಷತ್ರದ ಸ್ವಭಾವ ಇವೆಲ್ಲ ಒಂದನ್ನೊಂದು ತೂಗಿಕೊಳ್ಳುವ, ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡಬಲ್ಲ ವಿಶಾಲ ವ್ಯವಸ್ಥೆ ಅದು. ನನ್ನ ಮಟ್ಟಿಗೆ ಹೇಳುವುದಾದರೆ, ಇಂಚಿನ ಕತೆಗಿಂತ ಇದು ಹೆಚ್ಚು ಬೆರಗು ಹುಟ್ಟಿಸುತ್ತದೆ. ಇದನ್ನು ನಂಬಿಕೆಯಿಲ್ಲದವನೂ ಒಪ್ಪುತ್ತಾನೆ. ಹಾಗಾಗಿ ಇದನ್ನು ಚರ್ಚೆಯಲ್ಲಿ ಬಾಯಿ ಮುಚ್ಚಿಸುವ ಪುರಾವೆಯಂತೆ ಎಸೆಯಲಾಗದು. ಚಿಂತಿಸುವವನಿಗೆ ದೃಷ್ಟಾಂತವಾಗಬಹುದು, ಅಷ್ಟೇ. ದೃಷ್ಟಾಂತಕ್ಕೂ ಪುರಾವೆಗೂ ಇರುವ ಈ ಅಂತರವನ್ನು ನಮ್ಮ ಭಾಷಣಕಾರರು ಮರೆಯುವುದೇ ತೊಂದರೆಯ ಮೂಲ. ಹಾಗೆಯೇ, ಬೇರೆಡೆ ಜೀವ ಸಿಕ್ಕರೆ ದೀನ್‌ಗೆ ಅಪಾಯವೆಂದು ಹೆದರುವವರೂ ಇದ್ದಾರೆ. ಪ್ರತಿ ನಮಾಝ್‌ನಲ್ಲೂ ಅಲ್ಲಾಹನನ್ನು ಲೋಕಗಳೆಲ್ಲದರ ಪ್ರಭುವೆಂದು ಸ್ತುತಿಸುವವರಿಗೆ ಲೋಕಗಳ ಸಂಖ್ಯೆ ಹೆಚ್ಚಾದರೆ ಏಕೆ ಭಯ?

ಮದ್ರಸದ ಮಕ್ಕಳು ಮಾತ್ರ ಇಲ್ಲಿ ಬೇರೊಂದು ಪ್ರಶ್ನೆ ಕೇಳುತ್ತಾರೆ, ಅದು ನಿಜವಾಗಿಯೂ ಒಳ್ಳೆಯ ಪ್ರಶ್ನೆ: ಸೂರ್ಯ ಮುಳುಗದ ಲೋಕದಲ್ಲಿ ಮಗ್ರಿಬ್ ಯಾವಾಗ? ಕರ್ಮಶಾಸ್ತ್ರ ವಿದ್ವಾಂಸರಿಗೆ ಇದು ಪೂರ್ತಿ ಅಪರಿಚಿತವಲ್ಲ. ದಜ್ಜಾಲನ ಕಾಲದಲ್ಲಿ ಒಂದು ದಿನ ಒಂದು ವರ್ಷದಷ್ಟು ದೀರ್ಘವಾಗುವುದೆಂದು ಪ್ರವಾದಿ(ಸ)ಯವರು ಹೇಳಿದಾಗ, ಆ ದಿನಕ್ಕೆ ಒಂದು ದಿನದ ನಮಾಝ್ ಸಾಕೇ ಎಂದು ಸಹಾಬಿಗಳು ಕೇಳಿದರು. ಸಾಲದು, ಅಂದಾಜಿಸಿ ನಿರ್ವಹಿಸಬೇಕೆಂಬ ಅರ್ಥದ ಉತ್ತರ ಬಂತು. ಬೇಸಿಗೆಯಲ್ಲಿ ಸೂರ್ಯ ಮುಳುಗದ ಉತ್ತರದ ನಾಡುಗಳ ಮುಸ್ಲಿಮರಿಗೆ ವಿದ್ವಾಂಸರು ಇದರ ಆಧಾರದಲ್ಲೇ ದಾರಿ ತೋರಿಸಿದರು. 2007ರಲ್ಲಿ ಮಲೇಷ್ಯಾದ ಶೇಖ್ ಮುಝಫ್ಫರ್ ಶಕೂರ್ ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ, ದಿನಕ್ಕೆ ಹದಿನಾರು ಬಾರಿ ಸೂರ್ಯೋದಯ ಕಾಣುವ ಆ ಜಾಗದಲ್ಲಿ, ಉಡ್ಡಯನವಾದ ಊರಿನ ಗಡಿಯಾರದಂತೆ 24 ಗಂಟೆಗೆ ಐದು ಹೊತ್ತು ನಮಾಝ್ ಮಾಡಬಹುದೆಂದು ಅಲ್ಲಿನ ವಿದ್ವಾಂಸರು ಮಾರ್ಗಸೂಚಿ ಬರೆದುಕೊಟ್ಟರು.

ಪ್ರಾಕ್ಸಿಮಾದ ಆ ಗ್ರಹದ ವರ್ಷ ಕೇವಲ 11.2 ದಿನ. ಝಕಾತ್‌ಗೆ ಒಂದು ವರ್ಷ ತುಂಬುವುದನ್ನು ಅಲ್ಲಿ ಹೇಗೆ ಎಣಿಸುವುದೆಂದು ಕೇಳುವ ಹುಡುಗ ಪ್ರತಿ ತರಗತಿಯಲ್ಲೂ ಒಬ್ಬನಿರುತ್ತಾನೆ. ಅವನಿಗೂ ಇದೇ ದಾರಿ ತೋರಿಸಬಹುದು: ಮಲೇಷ್ಯಾದವರು ಹೊರಟ ಊರಿನ ಗಡಿಯಾರ ಹಿಡಿದಂತೆ, ಅಲ್ಲಿಗೆ ಹೋದವನು ಹೊರಟ ಊರಿನ ಹಿಜರಿ ಕ್ಯಾಲೆಂಡರನ್ನು ಜೊತೆಗೆ ಒಯ್ದರಾಯಿತು.