ಕೇಳದೆ ಬಂದದ್ದು, ಅರಿತು ಉಳಿಸಿಕೊಂಡದ್ದು

ರಸ್ತೆ ಅಪಘಾತದಲ್ಲಿ ಮಡಿದವರೊಬ್ಬರ ಚಿತ್ರ ನಮ್ಮ ಮೊಬೈಲಿಗೆ ಬರುತ್ತದೆ. ನಾವದನ್ನು ಕೇಳಿರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು. ನಾವು ನೋಡುವ ಮೊದಲೇ ಫೋನು ಅದನ್ನು ಇಳಿಸಿಕೊಂಡು ನಮ್ಮ ಮಕ್ಕಳ ಫೋಟೋಗಳ ಪಕ್ಕದಲ್ಲೇ ಇಟ್ಟಿದೆ. ಈಗ ಆ ಚಿತ್ರದ ಹೊಣೆ ಯಾರದು?

ಯಂತ್ರವನ್ನು ದೂರುವುದು ಸುಲಭ. ಆದರೆ ಈ ವ್ಯವಸ್ಥೆಯ ಹಿಂದೆ ದುರುದ್ದೇಶವೇನಿಲ್ಲ. ಒಮ್ಮೆ ನೋಡಿದ ಚಿತ್ರವನ್ನು ಪ್ರತಿಸಲವೂ ದೂರದ ಸರ್ವರಿನಿಂದ ತರಿಸಿದರೆ ಡೇಟಾ ವ್ಯರ್ಥ, ಸಮಯವೂ ವ್ಯರ್ಥ. ಆದ್ದರಿಂದ ಆ್ಯಪ್‌ಗಳು ಅದರ ಒಂದು ಪ್ರತಿಯನ್ನು ಫೋನಿನಲ್ಲೇ ಇಟ್ಟುಕೊಳ್ಳುತ್ತವೆ. ಇದಕ್ಕೆ ‘ಕ್ಯಾಶ್’ ಎನ್ನುತ್ತಾರೆ. ಜಾಗ ಸಾಲದಾದಾಗ ಸಾಮಾನ್ಯವಾಗಿ ಹಳೆಯ ಪ್ರತಿಗಳು ತಾವಾಗಿ ಅಳಿಯುತ್ತವೆ. ಆದರೆ ಗ್ಯಾಲರಿ ಸೇರಿದ ಚಿತ್ರ ಹಾಗಲ್ಲ. ನಾವು ಅಳಿಸುವವರೆಗೂ ಅಲ್ಲೇ ಇರುತ್ತದೆ.

ಕೇಳದೆ ಬಂದದ್ದಕ್ಕೆ ನಾವು ಹೊಣೆಯಲ್ಲ, ನಿಜ. ಆದರೆ ಬಂದದ್ದು ಗೊತ್ತಾದ ಮೇಲೆ? ಅಲ್ಲಿಂದಾಚೆಗೆ ಅದನ್ನು ಉಳಿಸಿಕೊಂಡಿರುವುದು ಫೋನಲ್ಲ, ನಾವು.

ಕಾನೂನೂ ಈ ಗೆರೆಯನ್ನು ಗುರುತಿಸಿದೆ. ಮಕ್ಕಳ ಲೈಂಗಿಕ ಶೋಷಣೆಯ ದೃಶ್ಯಗಳನ್ನು ಖಾಸಗಿಯಾಗಿ ಇಳಿಸಿಕೊಂಡು ನೋಡುವುದಷ್ಟೇ ಅಪರಾಧವಲ್ಲವೆಂದು ಮದ್ರಾಸ್ ಹೈಕೋರ್ಟ್ ಹೇಳಿತ್ತು. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅಂಥ ದೃಶ್ಯವನ್ನು ಅಳಿಸದೆ, ವರದಿಯನ್ನೂ ಮಾಡದೆ ಇಟ್ಟುಕೊಂಡವರ ಉದ್ದೇಶವನ್ನು ಆ ನಡವಳಿಕೆಯಿಂದಲೇ ಅಳೆಯಬಹುದೆಂದಿತು. ಸುಮ್ಮನಿರುವುದೂ ಒಂದು ಕ್ರಿಯೆಯೇ.

ಹಾಗೆಂದು ಎಲ್ಲವನ್ನೂ ಅಳಿಸುವುದೇ ಧರ್ಮವೆನ್ನಲಾಗದು. ದುರ್ಬಲನೊಬ್ಬನ ಮೇಲಿನ ಹಲ್ಲೆಯ ಚಿತ್ರ ನಾಳೆ ಅವನಿಗೆ ನ್ಯಾಯ ಕೊಡಿಸುವ ಸಾಕ್ಷ್ಯವಾಗಬಹುದು. ಅದನ್ನು ಪೊಲೀಸರಿಗೆ ತಲುಪಿಸದೆ ಅಳಿಸಿದರೆ ಅದೂ ತಪ್ಪೇ. ಹಾಗಾಗಿ ಉಳಿಸಬೇಕೇ, ಅಳಿಸಬೇಕೇ ಎಂದು ಕೇಳುವ ಮೊದಲು, ಯಾರಿಗಾಗಿ ಉಳಿಸುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು. ಚಿತ್ರದಲ್ಲಿರುವವರಿಗಾಗಿಯೇ, ಅಥವಾ ನಮ್ಮ ಕುತೂಹಲಕ್ಕಾಗಿಯೇ?

ಗೆಳತಿಯೊಬ್ಬಳು ತಪ್ಪಿ ಕಳುಹಿಸಿದ ಫೋಟೋವನ್ನು ‘ಎಲ್ಲರಿಗೂ ಅಳಿಸು’ ಎಂದು ಒತ್ತಿ ನಿರಾಳವಾಗುತ್ತಾಳೆ. ಅದರ ಪ್ರತಿ ನಮ್ಮ ಗ್ಯಾಲರಿಯಲ್ಲಿ ಉಳಿದಿರಬಹುದು. ಅವಳಿಗದು ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಯಾರೂ ನೋಡದ ಆ ಗಳಿಗೆಯಲ್ಲಿ ನಾವು ಏನು ಮಾಡುತ್ತೇವೆ ಎನ್ನುವುದೇ ನಮ್ಮ ನಿಜವಾದ ಪರೀಕ್ಷೆ.

ತಾನಾಗಿ ಇಳಿಯುವುದನ್ನು ತಡೆಯಲು ಸೆಟ್ಟಿಂಗ್ಸ್‌ನಲ್ಲಿ ಅವಕಾಶವಿದೆ. ಅರ್ಧ ನಿಮಿಷದ ಕೆಲಸ. ಅದನ್ನು ಇಂದೇ ಮಾಡೋಣ. ಅಷ್ಟಕ್ಕೇ ಹೊಣೆ ಮುಗಿಯಿತೆಂದುಕೊಳ್ಳದಿರೋಣ. ಪರರ ನೋವು, ಪರರ ಮಾನ ನಮ್ಮ ಜೇಬಿನಲ್ಲಿರುವಾಗ ಕಾವಲುಗಾರರು ನಾವೇ.