ರಸಪರಿತ್ಯಾಗ ಯಾರ ಎಲೆಯಲ್ಲಿ?

ಕೆನೆಗಟ್ಟುವಂತೆ ಹಾಲು ಕಾಯಿಸಿ, ತುಪ್ಪದಲ್ಲಿ ಹುರಿದ ಶ್ಯಾವಿಗೆಯ ಪಾಯಸವನ್ನು ಸೂರ್ಯಾಸ್ತಕ್ಕೆ ಮುನ್ನ ಮನೆಮಂದಿಗೆ ಬಡಿಸುವ ಗೃಹಿಣಿಯಿಂದ ಧರ್ಮಲೋಪವಾಯಿತೇ? ತತ್ತ್ವಾರ್ಥಸೂತ್ರವು ಆರು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವನ್ನು ಎಣಿಸಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಇವೇ ಆ ರಸಗಳು. ಶಕ್ತ್ಯನುಸಾರ ಒಂದನ್ನಾಗಲಿ ಎಲ್ಲವನ್ನಾಗಲಿ ತ್ಯಜಿಸಬಹುದು.

ಆದರೆ ಅದೇ ಗ್ರಂಥವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನೂ ಹೇಳಿದೆ. ತನ್ನ ಎಲೆಯ ತುಪ್ಪವನ್ನು ಬಿಟ್ಟರೆ ತಪಸ್ಸು. ಬಾಣಂತಿ ಸೊಸೆಯ ಎಲೆಯ ತುಪ್ಪವನ್ನು ತಡೆದರೆ ಅತಿಚಾರ. ಹಾಗೆಂದು, ‘ನನಗೆ ಆಸಕ್ತಿಯಿಲ್ಲ’ ಎನ್ನುತ್ತಲೇ ಯಜಮಾನನು ಎರಡನೆಯ ಬಟ್ಟಲಿಗೆ ಕೈಚಾಚುವುದು ಆತ್ಮವಂಚನೆ. ಆಸಕ್ತಿಯಿಲ್ಲದವನಿಗೆ ವಾರಕ್ಕೊಂದು ದಿನ ಆ ರಸವನ್ನು ಬಿಡುವುದು ಕಷ್ಟವಾಗಬಾರದು.

ಈ ಲೆಕ್ಕ ಮನೆಯ ಪಂಕ್ತಿಗೇ ಮುಗಿಯದು. ಹಾಲಿನ ಮೊದಲ ಹಕ್ಕುದಾರ ಕರು. ಅದರ ಪಾಲನ್ನು ಕಸಿದು ತಂದ ಹಾಲನ್ನು ಎಷ್ಟು ಶೋಧಿಸಿ ಕಾಯಿಸಿದರೂ ಆ ನಿರೋಧದ ದೋಷ ಕಳೆಯದು. ಆದುದರಿಂದ ಶ್ರಾವಕರು ಹಾಲು ಕೊಳ್ಳುವಾಗ ಬೆಲೆಯೊಡನೆ ಕರುವಿನ ಯೋಗಕ್ಷೇಮವನ್ನೂ ವಿಚಾರಿಸಲಿ. ಉತ್ತರ ಸಮಾಧಾನಕರವಾಗಿರದಿದ್ದರೆ, ಆ ದಿನದ ಪಾಯಸವೇ ನಮ್ಮ ರಸಪರಿತ್ಯಾಗವಾಗಲಿ.