ಹೊರಗಿನವರ ದರ

ಹುಮನಾಬಾದಿನಲ್ಲಿರುವ ನಮ್ಮಣ್ಣನ ಮಗಳು ಕಲಬುರಗಿಯಲ್ಲಿ ಎಂ.ಬಿ.ಎ. ಓದುತ್ತಿದ್ದಾಳೆ. ಅಂತರರಾಷ್ಟ್ರೀಯ ವ್ಯಾಪಾರ ಅವಳ ವಿಷಯ. ಬಸವಕಲ್ಯಾಣದ ನಮ್ಮ ಮನೆಗೆ ಬಂದಾಗಲೆಲ್ಲ ಅವಳ ದಪ್ಪ ಪುಸ್ತಕಗಳೂ ಬರುತ್ತವೆ. ಬಹುರಾಷ್ಟ್ರೀಯ ಕಂಪನಿಗಳ ವ್ಯವಹಾರ ಹೆಂಗಸರಿಗೆ ತಿಳಿಯುವಂಥದಲ್ಲ ಎನ್ನುವವರಿದ್ದಾರೆ. ಆದರೆ ಅವಳು ಹೇಳಿದ ಒಂದು ಸಂಗತಿ ನನಗೆ ಕೇಳಿದೊಡನೆ ತಿಳಿಯಿತು. ಅಂಥದನ್ನು ನಾವು ಮನೆಯೊಳಗೇ ಕಂಡಿದ್ದೇವೆ.

ಒಂದು ಕಂಪನಿ ಹತ್ತು ದೇಶಗಳಲ್ಲಿರುತ್ತದೆ. ಕಾಗದದ ಮೇಲೆ ಹತ್ತೂ ಬೇರೆ ಬೇರೆ. ಇಲ್ಲಿಯ ಕಂಪನಿ ಅಲ್ಲಿಯ ಕಂಪನಿಯಿಂದ ಯಂತ್ರ ಕೊಳ್ಳುತ್ತದೆ, ಕಚ್ಚಾಮಾಲು ಕೊಳ್ಳುತ್ತದೆ, ಬರೀ ಹೆಸರು ಬಳಸಿದ್ದಕ್ಕೂ ಹಣ ಕೊಡುತ್ತದೆ. ಕೊಡುವವರೂ ಕೊಳ್ಳುವವರೂ ಒಂದೇ ಮನೆಯವರು. ಈ ಒಳಗಿನ ಬೆಲೆಗೆ ಟ್ರಾನ್ಸ್‌ಫರ್ ಪ್ರೈಸ್ ಎನ್ನುತ್ತಾರೆ. ಅದನ್ನು ಹಿಂದೆಮುಂದೆ ಮಾಡಿದರೆ ತೆರಿಗೆ ಹೆಚ್ಚಿರುವ ದೇಶದಲ್ಲಿ ಖರ್ಚು ಕಾಣಿಸುತ್ತದೆ, ತೆರಿಗೆ ಕಡಿಮೆ ಇರುವ ದೇಶದಲ್ಲಿ ಲಾಭ ಕಾಣಿಸುತ್ತದೆ.

ಮನೆ ಪಾಲಾಗುವಾಗ ಎಷ್ಟೋ ಕಡೆ ನಡೆಯುವುದೂ ಇದೇ ಅಲ್ಲವೇ? ಒಳ್ಳೆಯ ತೊಗರಿ ಹೊಲವನ್ನು ತಂದೆ ಮಗನಿಗೆ ಅಗ್ಗಕ್ಕೆ ಮಾರಿದಂತೆ ಕಾಗದವಾಗಿರುತ್ತದೆ. ಬಾವಿ ತೋಡಿಸಿದ ಸಾಲ ಲೆಕ್ಕದಲ್ಲಿ ಬೆಳೆದಿರುತ್ತದೆ. ಹೆಣ್ಣುಮಕ್ಕಳ ಸರದಿ ಬರುವಷ್ಟರಲ್ಲಿ ಉಳಿಯುವುದು ಒಂದು ಸೀರೆ. ಸಹಿ, ಮುದ್ರೆ, ಸಾಕ್ಷಿ ಎಲ್ಲ ಸರಿಯಾಗಿಯೇ ಇರುತ್ತವೆ.

“ಅತ್ಯಾ, ಕಾನೂನು ಮುರದಿಲ್ಲಂದ್ರ ತಪ್ಪೇನದ?” ಎಂದು ಅವಳು ಕೇಳಿದಳು. ಅವಳ ಮಾತಿಗೂ ತೂಕವಿದೆ. ಕಂಪನಿ ನಡೆಸುವವರು ಷೇರುದಾರರ ಹಣಕ್ಕೆ ಹೊಣೆಗಾರರು. ಆ ಷೇರುದಾರರಲ್ಲಿ ಪಿಂಚಣಿಯ ಹಣ ಹಾಕಿದವರೂ ಇರುತ್ತಾರೆ. ಅವಳೇ ವೊಡಾಫೋನ್ ಪ್ರಕರಣ ಹೇಳಿದಳು. 2007ರಲ್ಲಿ ಕೈ ಬದಲಾದದ್ದು ಭಾರತದ ಫೋನ್ ವ್ಯವಹಾರ. ಮಾರಾಟವಾದದ್ದು ಮಾತ್ರ ದೂರದ ಕೇಮನ್ ದ್ವೀಪದಲ್ಲಿ ನೋಂದಾಯಿಸಿದ ಒಂದು ಕಂಪನಿಯ ಷೇರು. ನಮ್ಮ ತೆರಿಗೆ ಇಲಾಖೆ 11,000 ಕೋಟಿ ರೂಪಾಯಿಗೂ ಹೆಚ್ಚು ಕೇಳಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟಿತು. ಅದೇ ವರ್ಷ ಸರ್ಕಾರ ಹಿಂದಿನ ವ್ಯವಹಾರಕ್ಕೂ ತಗಲುವಂತೆ ಕಾನೂನು ತಿದ್ದಿತು. 2021ರಲ್ಲಿ ಆ ಬೇಡಿಕೆಗಳನ್ನು ಕೈಬಿಟ್ಟಿತು. ಕಾನೂನೇ ಹೀಗೆ ಅತ್ತಿತ್ತ ಸರಿದರೆ ಸರಿತಪ್ಪನ್ನೆಲ್ಲ ಅದರ ಮೇಲೇ ಹೊರಿಸಿ ಕೂರುವುದು ಹೇಗೆ?

ಕಲ್ಯಾಣದವರಿಗೆ ಇದು ಹೊಸ ಪಾಠವಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದದ್ದು ಈ ಊರಿನಲ್ಲಿಯೇ. ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಆ ಪದ್ಧತಿ. ಆ ಹಕ್ಕು ಕರ್ನಾಟಕದ ಅವಿವಾಹಿತ ಹೆಣ್ಣುಮಕ್ಕಳಿಗೆ ಸಿಕ್ಕಿದ್ದು 1994ರಲ್ಲಿ, ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೆ 2005ರಲ್ಲಿ. ಅಲ್ಲಿಯವರೆಗೆ ಅವರನ್ನು ಹೊರಗಿಟ್ಟವರು ಕಾನೂನು ಮುರಿದವರಲ್ಲ. ಹಾಗೆಂದು ಅವರು ಮಾಡಿದ್ದು ನ್ಯಾಯವಾಯಿತೇ? ಇದೇ ಕಲ್ಯಾಣದಲ್ಲಿ ಬಸವಣ್ಣನವರು ಕಾಯಕ, ದಾಸೋಹ ಎಂದರು. ಗಳಿಸಿದ ರೀತಿ ಶುದ್ಧವಿರಬೇಕು, ಗಳಿಸಿದ್ದರಲ್ಲಿ ಸಮಾಜಕ್ಕೆ ಪಾಲಿರಬೇಕು ಎಂಬ ಆ ಮಾತು ಯಾವ ಶಾಸನಕ್ಕೂ ಕಾಯಲಿಲ್ಲ.

ಅವಳ ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ ಒಂದು ನಿಯಮವಿದೆ. 2001ರಲ್ಲಿ ಅದು ನಮ್ಮ ಆದಾಯ ತೆರಿಗೆ ಕಾನೂನಿಗೂ ಬಂತು. ಒಂದೇ ಮನೆಯ ಕಂಪನಿಗಳು ದೇಶ ದಾಟಿ ಕೊಟ್ಟು ಕೊಳ್ಳುವಾಗ, ಸಂಬಂಧವಿಲ್ಲದ ಹೊರಗಿನವರಿಗೆ ಯಾವ ದರ ಹಾಕುತ್ತಿದ್ದವೋ ಅದೇ ದರಕ್ಕೆ ತೆರಿಗೆಯ ಲೆಕ್ಕ ಕೊಡಬೇಕು. ಹೊರಗಿನವರನ್ನೂ ನಮ್ಮವರಂತೆ ಕಾಣಬೇಕೆಂದು ಹಿರಿಯರು ಹೇಳುತ್ತಿದ್ದರು. ದುಡ್ಡಿನ ವಿಷಯದಲ್ಲಿ ನಮ್ಮವರನ್ನೂ ಹೊರಗಿನವರಂತೆ ಕಾಣುವುದೇ ಧರ್ಮ ಎನ್ನುತ್ತದೆ ಈ ನಿಯಮ. ಆ ಹೊಲವನ್ನು ಹೊರಗಿನವನಿಗೆ ಈ ದರಕ್ಕೆ ಕೊಡುತ್ತಿದ್ದಿರಾ ಎಂದು ಕೇಳಿದ್ದರೆ ಎಷ್ಟು ಅಕ್ಕತಂಗಿಯರಿಗೆ ಅವರ ಪಾಲು ಸಿಗುತ್ತಿತ್ತೋ!

ಇಂಥ ಲೆಕ್ಕದಲ್ಲಿ ಕಳೆದುಕೊಳ್ಳುವವರು ಲೆಕ್ಕ ಬರೆಯುವ ಕೋಣೆಯಲ್ಲಿ ಇರುವುದಿಲ್ಲ. ಪಾಲಿನಲ್ಲಿ ಅವಳು ತಂಗಿ. ತೆರಿಗೆಯಲ್ಲಿ ಅದು ಯಾವುದೋ ಊರಿನ ಶಾಲೆ, ಆಸ್ಪತ್ರೆ. ನಾಳೆ ಅಂಥ ಕೋಣೆಯಲ್ಲಿ ನಮ್ಮ ಹುಡುಗಿಗೂ ಒಂದು ಕುರ್ಚಿ ಸಿಗಬಹುದು; ಸಿಗಲಿ ಎಂದೇ ನನ್ನ ಆಸೆ. ಅಲ್ಲಿ ಕಾನೂನು ಬಲ್ಲವರು ಬೇಕಾದಷ್ಟು ಜನ ಇರುತ್ತಾರೆ. ಇಲ್ಲದವರ ಪಾಲನ್ನು ನೆನಪಿಸಲು ಪಾಲು ತಪ್ಪಿದವರ ಮನೆಯಿಂದ ಹೋದವಳೊಬ್ಬಳು ಇರಲಿ.